ಉಡಿಗೆ ಬಿದ್ದ ಚಾವಿ

ಉಪ್ಪಿನಬೆಟಗೇರಿಯಲ್ಲಿ ಮಳೆ ಬೀಳುವುದು ದೇವರ ಕೈಯಲ್ಲಿತ್ತು ನಿಜ, ಆದರೆ ಮಳೆ ಬಿದ್ದ ಮೇಲೆ ಯಾರ ಹೊಲಕ್ಕೆ ಮೊದಲು ಟ್ರ್ಯಾಕ್ಟರು ಹೋಗಬೇಕೆನ್ನುವುದು ಬೀರಲಿಂಗಪ್ಪ ಸಾವಕಾರರ ಕೈಯಲ್ಲಿತ್ತು. ಸತ್ಯವ್ವ ಬಾಡಿಗೆಗೆ ಕೇಳಲು ಹೋದಾಗಲೆಲ್ಲ ಅವರು ಎಲೆ ಅಡಿಕೆ ಜಗಿಯುತ್ತ, "ನಿನ್ನ ಪಾಳಿ ಬಂದಾಗ ಹೇಳಿ ಕಳಸ್ತೇನಿ ತಗೋ," ಎನ್ನುತ್ತಿದ್ದರು. ಪಾಳಿ ಬರುವಷ್ಟರಲ್ಲಿ ನೆಲದ ಹಸಿ ಆರಿರುತ್ತಿತ್ತು. ಊರವರ ಹೆಸರಿನ ಬೆಳೆ ಹೂ ಬಿಟ್ಟಾಗ ಅವಳದು ಇನ್ನೂ ಎರಡೆಲೆ.

ಈ ವರ್ಷ ಮಾತ್ರ ಸಾವಕಾರರೇ ಅವಳ ಮನೆಬಾಗಿಲಿಗೆ ಬಂದರು. ಪರಿಶಿಷ್ಟ ಜಾತಿಯ ರೈತರಿಗೆ ಮಿನಿ ಟ್ರ್ಯಾಕ್ಟರಿನ ಮೇಲೆ ದೊಡ್ಡ ಸಬ್ಸಿಡಿ ಬಂದಿತ್ತು. ಹೊಲ ಸತ್ಯವ್ವನ ಹೆಸರಲ್ಲಿತ್ತು, ಆಸೆ ಸಾವಕಾರರಿಗಿತ್ತು.

"ಹೆಸರು ನಿಂದು, ರೈತರ ಪಾಲು ನಾ ಕಟ್ತೇನಿ. ಗಾಡಿ ನಮ್ಮ ಹಿತ್ತಲದಾಗ ನಿಂದರತೈತಿ. ನೀ ಫೋಟೋಕ್ಕ ನಿಂತರ ಸಾಕು."

ತನ್ನ ಹೊಲಕ್ಕೆ ಒಮ್ಮೆಯಾದರೂ ಮೊದಲ ಪಾಳಿ ಸಿಕ್ಕೀತೆಂದು ಸತ್ಯವ್ವ ಹೂಂ ಅಂದಳು. ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸರಕೆತ್ತುವ ಫೋರ್ಕ್‌ಲಿಫ್ಟ್ ಓಡಿಸುವ ಮಗಳು ಕರುಣಾ ಕೆಂಡವಾದಳು. "ಸರ್ಕಾರ ನಿನಗ ಕೊಟ್ಟದ್ದನ್ನ ನೀನ ಬ್ಯಾಡ ಅಂದಂಗಾತಲ್ಲವ್ವ!" ಸತ್ಯವ್ವನಿಗೂ ಅದು ಗೊತ್ತಿತ್ತು. ಆದರೇನು, ಮಾತು ಕೊಟ್ಟಾಗಿತ್ತು. ಸಾವಕಾರರಂತೂ ಹೊಸದು ಬಂದೇ ಬಿಟ್ಟಿತೆಂದು ತಮ್ಮ ಹಳೆಯ ಟ್ರ್ಯಾಕ್ಟರನ್ನು ಮಾರಿಯೇ ಬಿಟ್ಟರು.

ಗಾಡಿ ಬಂದ ದಿನ ಪರಿಶೀಲನೆಗೆಂದು ಕೃಷಿ ಅಧಿಕಾರಿ ನೇರ ಸತ್ಯವ್ವನ ಹೊಲಕ್ಕೇ ಬಂದರು. ಅವರಿಗೆ ಎಳ್ಳಷ್ಟೂ ಸಂಶಯ ಬರಬಾರದೆಂದು ಸಾವಕಾರರು ಗಾಡಿಪೂಜೆಗೆ ಬಂದಿದ್ದ ಹೆಂಡತಿಯನ್ನು ಕೂಗಿದರು.

"ಏ ಹನುಮವ್ವ, ಸಾಹೇಬ್ರ ಮುಂದ ಸತ್ಯವ್ವಗ ಉಡಿ ತುಂಬ. ಫೋಟೋದಾಗ ಛಲೋ ಕಾಣತೈತಿ!"

ಇಷ್ಟು ವರ್ಷ ತನ್ನನ್ನು ಹೊಸ್ತಿಲಾಚೆ ನಿಲ್ಲಿಸಿದ ಮನೆಯವರಿಂದ ಉಡಿ! ಸತ್ಯವ್ವ ನಗು ತಡೆದುಕೊಂಡು ಮಡಿಲು ಮಾಡಿ ಸೆರಗೊಡ್ಡಿದಳು. ಹನುಮವ್ವ ಪೂಜೆಯ ತಾಟು ಎತ್ತಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿಯ ಜೊತೆ ಅದರಲ್ಲಿ ಗಾಡಿಯ ಚಾವಿಯೂ ಇತ್ತು. ಕುಂಕುಮ ಹಚ್ಚಲೆಂದು ಸಾವಕಾರರೇ ಅಲ್ಲಿಟ್ಟು ಮರೆತಿದ್ದರು. ಕ್ಯಾಮೆರಾದ ಕಡೆ ನೋಡುವ ಭರದಲ್ಲಿ ಹನುಮವ್ವ ಇಡೀ ತಾಟನ್ನೇ ಸತ್ಯವ್ವನ ಉಡಿಗೆ ಸುರಿದರು.

"ಅಯ್ಯ, ಚಾವಿ!" ಸಾವಕಾರರು ಕೈ ಚಾಚಿದರು.

"ಹೆಣಮಗಳ ಉಡ್ಯಾಗ ಕೈ ಹಾಕ್ತೀರೇನ್ರಿ ಸಾವಕಾರ್ರ?" ಪಕ್ಕದ ಹೊಲದ ರೆಹಮತ್‌ಬಿ ಕೂಗಿದಳು. ಚಾಚಿದ ಕೈ ಗಾಳಿಯಲ್ಲೇ ನಿಂತಿತು.

"ಹಂಗಾರ ನೀನ ತಗದ ಕೊಡ," ಎಂದು ಹೆಂಡತಿಗೆ ಕಣ್ಸನ್ನೆ ಮಾಡಿದರು. ಹುಟ್ಟಿದಾರಭ್ಯ ಎದುರು ಮಾತಾಡದ ಹನುಮವ್ವ ಗುಡುಗಿದರು. "ತುಂಬಿದ ಉಡಿ ಕಸಗೋತಾರೇನ್ರಿ? ಮನ್ಯಾಗ ಸೊಸಿ ಬಸರದಾಳ! ಉಡಿಗೆ ಬಿದ್ದದ್ದು ಆಕೀದ!"

ಏನೂ ತಿಳಿಯದ ಅಧಿಕಾರಿ, "ಖರೇ ಐತಲ್ರಿ, ಗಾಡಿ ಅವರದ ಅಲ್ಲೇನು?" ಎಂದು ಫೋಟೋ ಹೊಡೆದರು.

ಸತ್ಯವ್ವನ ಮೈಯೆಲ್ಲ ಗಾಳಿಪಟದಷ್ಟು ಹಗುರಾಯಿತು. ಅಕ್ಕಿಯೊಳಗೆ ಬೆರಳಾಡಿಸಿ ಚಾವಿ ಹೆಕ್ಕಿ, ಗಾಡಿಯ ಪಕ್ಕ ನಿಂತಿದ್ದ ಮಗಳತ್ತ ಎಸೆದಳು. ಕರುಣಾ ಅದನ್ನು ಗಾಳಿಯಲ್ಲೇ ಹಿಡಿದು ಸೀಟಿಗೆ ಹಾರಿದಳು. ಸತ್ಯವ್ವ ಉಡಿ ಹಿಡಿದುಕೊಂಡೇ ಪಕ್ಕಕ್ಕೆ ಹತ್ತಿ ಕೂತಳು. ಗಾಡಿ ಹಸಿ ನೆಲದ ಮೇಲೆ ಕುಣಿಯುತ್ತ ಹೊರಟಿತು, ಸಾಲಿನುದ್ದಕ್ಕೂ ಅಕ್ಕಿ ಚೆಲ್ಲಿತು, ತಾಯಿ ಮಗಳು ಹುಚ್ಚರ ಹಾಗೆ ನಕ್ಕರು.

ಸಾವಕಾರರು ಧೋತರ ಎತ್ತಿಕೊಂಡು ಹಿಂದೆ ಓಡಿದರು. "ಏ ಸತ್ಯವ್ವ, ನನ್ನ ರೊಕ್ಕ!"

"ಬಾಡಗ್ಯಾಗ ಮುರಕೋರಿ!"

"ಮತ್ತ ನಮ್ಮ ಹೊಲಕ್ಕ ಯಾವಾಗ ಬರ್ತೀ? ನನ್ನ ಗಾಡಿ ಮಾರಿ ಕುಂತೇನಲ್ಲ!"

ಸತ್ಯವ್ವ ಉಡಿಯೊಳಗಿನ ಉತ್ತತ್ತಿಯೊಂದನ್ನು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಜಗಿದಳು.

"ನಿಮ್ಮ ಪಾಳಿ ಬಂದಾಗ ಹೇಳಿ ಕಳಸ್ತೇನಿ ತಗೋರಿ."