ಎಡಗಡೆಯ ಕಂಬ

ಮೊದಲ ಎರಡು ಮ್ಯಾಚ್ ಗೆದ್ದಾಗ ಬಾಟಲಿ ಕಾರ್ಖಾನೆಯ ಹಾಕಿ ತಂಡದ ಹೆಂಗಸರೆಲ್ಲ ಒಂದೇ ತಾಯಿಯ ಮಕ್ಕಳಂತಿದ್ದರು. ಮುಂದಿನ ಎರಡನ್ನು ಸೋತ ಮೇಲೆ ಸವತಿಯರಾದರು. ಐದು ಮ್ಯಾಚ್‌ಗಳ ಸರಣಿ, ಇವತ್ತಿನದು ಕೊನೆಯದು. ಐದಕ್ಕೂ ಎದುರಾಳಿ ದಾರದ ಮಿಲ್ಲಿನ ತಂಡವೇ. ಸೋತರೆ ಕಾರ್ಖಾನೆಯ ತಂಡವನ್ನೇ ಮುಚ್ಚುವುದೆಂದು ಮ್ಯಾನೇಜರ್ ಟೀ ಕುಡಿಯುತ್ತ, ಬಹಳ ಮೆತ್ತಗೆ, ಹೇಳಿ ಹೋಗಿದ್ದ.

ಬಟ್ಟೆ ಬದಲಿಸುವ ಕೋಣೆಯಲ್ಲಿದ್ದ ಒಂದೇ ಫ್ಯಾನು ತಿರುಗುವುದಕ್ಕಿಂತ ಕಿರುಗುಟ್ಟುವುದೇ ಹೆಚ್ಚು. ಅದರ ಕೆಳಗೆ ಜಗಳ ಹತ್ತಿಕೊಂಡಿತ್ತು.

"ಗೋಲು ಬಿಟ್ಟಿದ್ದು ನಾವು, ಸರಿ. ನೀವು ಮುಂದಿನೋರು ಒಂದಾದ್ರೂ ಹೊಡೆದ್ರಾ? ನಿದ್ದೆ ಮಾಡ್ತಿದ್ರಿ."

"ನಾವು ನಿದ್ದೆ ಮಾಡಿದ್ರೆ ನೀವು ಗೊರಕೆ ಹೊಡೀತಿದ್ರಿ!"

"ಬಾಯಿ ಮುಚ್ರೇ," ಅಂದಳು ನಾಯಕಿ. ಪ್ಯಾಕಿಂಗ್ ವಿಭಾಗದವಳು, ಎಲ್ಲರಿಗೂ ದೊಡ್ಡಕ್ಕ. "ಸ್ಟಿಕ್ಕಿಗಿಂತ ನಾಲಿಗೇನೇ ಚೆನ್ನಾಗಿ ಬೀಸ್ತೀರ. ಅದನ್ನೇ ಹಿಡ್ಕೊಂಡು ಮೈದಾನಕ್ಕಿಳೀರಿ."

ಮೂಲೆಯ ಬೆಂಚಿನಲ್ಲಿದ್ದ ಗೋಲ್‌ಕೀಪರ್ ನಗಲಿಲ್ಲ. ಅವಳನ್ನು ಎಲ್ಲರೂ ಕದ ಎನ್ನುತ್ತಿದ್ದರು. ಹಾಕಿಕೊಂಡರೆ ಇರುವೆಯೂ ನುಸುಳದು ಅಂತ. ಆದರೆ ಸೋತ ಎರಡೂ ಮ್ಯಾಚ್‌ಗಳಲ್ಲಿ ಚೆಂಡು ಒಂದೇ ಸಂದಿಯಲ್ಲಿ ನುಸುಳಿತ್ತು. ಎಡಗಡೆ, ನೆಲಕ್ಕಂಟಿಕೊಂಡು, ಕಂಬದ ಪಕ್ಕ. ಅವಳ ಎಡ ಮೊಣಕಾಲು ಹಿಂದೊಮ್ಮೆ ಅಭ್ಯಾಸದಲ್ಲಿ ತಿರುಚಿಕೊಂಡದ್ದು ಪೂರ್ತಿ ಸರಿಹೋಗಿರಲಿಲ್ಲ. ಆ ಕಾಲು ಚಾಚಿ ಭಾರ ಹಾಕುವ ಮುಂಚೆ ಮೈ ಒಂದು ಗಳಿಗೆ ಹಿಂಜರಿಯುತ್ತಿತ್ತು. ಈ ಸಂಗತಿ ಗೊತ್ತಿದ್ದದ್ದು ಇಬ್ಬರಿಗೇ. ಅವಳಿಗೆ, ಚಿಕ್ಕಪ್ಪನಿಗೆ.

ಚಿಕ್ಕಪ್ಪನೇ ತಂಡದ ಕೋಚ್. ಅವಳ ಕೈಗೆ ಮೊದಲ ಸ್ಟಿಕ್ ಕೊಟ್ಟವರು, ಒಂದೇ ಮನೆಯಲ್ಲಿ ಉಣ್ಣುವವರು. "ಮೊಣಕಾಲಿನ ವಿಷಯ ನಮ್ಮಿಬ್ಬರಲ್ಲೇ ಇರ್ಲಿ ಪುಟ್ಟಿ. ಗೊತ್ತಾದ್ರೆ ಮನೇಲಿ ಕಳಿಸಲ್ಲ, ಇಲ್ಲಿ ಆಡಿಸಲ್ಲ," ಎಂದಿದ್ದರು. ಪ್ಯಾಡಿನ ಪಟ್ಟಿ ಆ ಮೊಣಕಾಲನ್ನು ಒತ್ತುತ್ತಿತ್ತೆಂದು ಪಟ್ಟಿಯನ್ನೇ ಕಿತ್ತು, ಸೈಕಲ್ ಟ್ಯೂಬ್ ಕತ್ತರಿಸಿ, ಜಡೆಯಂತೆ ಒಂದು ಸುತ್ತು ಹುರಿ ಮಾಡಿ, ಬಕಲನ್ನು ಒಳಮುಖ ಮಾಡಿ ಕಟ್ಟುತ್ತಿದ್ದರು. ಅಂಗಡಿಯಲ್ಲಿ ಸಿಗುವ ಕಟ್ಟಲ್ಲ ಅದು. ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಅವರ ಕೈಯೇ ಬೇಕು.

ನೀರು ತುಂಬಿಸಿಕೊಳ್ಳಲು ಅವಳು ಹೊರಗೆ ಬಂದಳು. ತೊಟ್ಟಿಯ ಕಟ್ಟೆ ಹಿಡಿದು ದಾರದ ಮಿಲ್ಲಿನ ಗೋಲ್‌ಕೀಪರ್ ಬೆನ್ನು ಹಾಕಿ ನಿಂತು ಒಂದು ಕಾಲು ಹಿಂದಕ್ಕೆ ಚಾಚಿ ಸೋಮಾರಿಯಾಗಿ ಮೈ ಮುರಿಯುತ್ತಿದ್ದಳು. ಅವಳ ಮೀನಖಂಡದ ಹಿಂದೆ ಕಪ್ಪು ಟ್ಯೂಬು. ಜಡೆಯಂತೆ ಒಂದು ಸುತ್ತು. ಬಕಲು ಒಳಮುಖ.

ಕದ ನಲ್ಲಿ ನಿಲ್ಲಿಸುವುದನ್ನೇ ಮರೆತಳು. ಬಾಟಲಿ ತುಂಬಿ, ಉಕ್ಕಿ, ಬೂಟು ನೆನೆಯಿತು.

ವಾಪಸು ಬಂದಾಗ ಚಿಕ್ಕಪ್ಪ ಎಂದಿನಂತೆ ಅವಳ ಮುಂದೆ ಮೊಣಕಾಲೂರಿ ಕೂತರು. ಉಳಿದವರು ಹೊರಗೆ ಹೋಗಿದ್ದರು.

"ಕಾಲು ಚಾಚು, ಪುಟ್ಟಿ."

"ದಾರದವರ ಕೀಪರ್‌ಗೂ ನೀವೇ ಕಟ್ಟಿದ್ರಾ, ಚಿಕ್ಕಪ್ಪ?"

ಅವರ ಕೈ ನಿಂತಿತು. ಮತ್ತೆ ಚಲಿಸಿತು. "ಯಾರು ಹೇಳಿದ್ರು?"

"ಅವಳ ಕಾಲೇ ಹೇಳ್ತು."

"ನೋಡು, ಈ ಟೀಮನ್ನ ಇವತ್ತಲ್ಲ ನಾಳೆ ಮುಚ್ಚೇ ಮುಚ್ತಾರೆ. ಮುಂದಿನ ವರ್ಷದಿಂದ ಅವರ ಕೋಚ್ ನಾನೇ ಅಂತ ಮಾತಾಗಿದೆ. ನಿನ್ನನ್ನೂ ಕರ್ಕೊಂಡು ಹೋಗ್ತೀನಿ. ಮುಳುಗೋ ದೋಣೀಲಿ ಎಲ್ರೂ ಕೂತಿರ್ಬೇಕು ಅಂತ ಎಲ್ಲಾದ್ರೂ ಇದೆಯಾ?"

"ದೋಣಿಗೆ ತೂತು ಕೊರೆದವರೇ ಹಾಗನ್ನಬಾರ್ದು. ಮೊಣಕಾಲಿನ ವಿಷಯಾನೂ ಹೇಳಿದ್ರಾ?"

ಅವರು ತಲೆ ತಗ್ಗಿಸಿ ಟ್ಯೂಬಿಗೆ ಒಂದು ಸುತ್ತು ಕೊಟ್ಟು, ನೋವಾಗದ ಹಾಗೆ ಬಹಳ ನಾಜೂಕಾಗಿ ಬಿಗಿದರು. ಅವರ ನೆತ್ತಿಯ ಮೇಲೆ ಕೂದಲು ತೆಳುವಾಗಿರುವುದನ್ನು ಅವಳು ನೋಡುತ್ತ ಕೂತಳು. ಅವರು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಗೋಲು ಬಿದ್ದ ಎರಡೂ ಸಂಜೆ ಸ್ಕೂಟರ್‌ನಲ್ಲಿ ಇವರ ಬೆನ್ನಿಗೆ ಹಣೆಯಿಟ್ಟು, ತಪ್ಪೆಲ್ಲ ತನ್ನದೇ ಎಂದು ಅತ್ತಿದ್ದಳು. "ಇರ್ಲಿ ಬಿಡು" ಎಂದಿದ್ದರು.

ಮ್ಯಾಚ್ ಶುರುವಾಯಿತು. ಕಾರ್ಖಾನೆಯವರಿಗೆ ಬೇಗ ಒಂದು ಗೋಲು ಸಿಕ್ಕಿತು. ಅಲ್ಲಿಂದಾಚೆ ಅದನ್ನು ಕಾಯುವುದೇ ಕೆಲಸ. ದಾರದವರು ಮತ್ತೆ ಮತ್ತೆ ಎಡಕ್ಕೇ ಬಂದರು. ಒಂದು ಚೆಂಡು ಅವಳ ಬೂಟಿನ ತುದಿಗೆ ತಾಗಿ ಹೊರಗೆ ಹೋಯಿತು. ಇನ್ನೊಂದು ಕಂಬಕ್ಕೆ ಬಡಿಯಿತು. ಪ್ರತಿ ಸಲವೂ ಅವಳ ಕಣ್ಣು ತನ್ನಷ್ಟಕ್ಕೇ ಬೆಂಚಿನ ಕಡೆ ಹೋಗುತ್ತಿತ್ತು. ಚಿಕ್ಕಪ್ಪ ಕೈಕಟ್ಟಿ ಕೂತಿದ್ದರು, ಮನೆಯಲ್ಲಿ ಟಿವಿ ನೋಡುವಾಗ ಕೂರುವ ಹಾಗೆಯೇ.

ಆಟ ಮುಗಿಯುತ್ತ ಬಂದಾಗ ದಾರದವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಹೊಡೆತ ತಡೆಯಲು ಗೋಲಿನೊಳಗೆ ಐವರು ಮಾತ್ರ. ಯಾವತ್ತೂ ಮೊದಲು ಹೊರಗೆ ಓಡಿ ಚೆಂಡಿಗೆ ಅಡ್ಡ ಬೀಳುವವಳು ದೊಡ್ಡಕ್ಕ.

"ದೊಡ್ಡಕ್ಕ, ಇವತ್ತು ಓಡ್ಬೇಡಿ. ಎಡಗಡೆ ಕಂಬದ ಹತ್ರ ನಿಂತ್ಕೊಳ್ಳಿ."

"ತಲೆ ನೆಟ್ಟಗಿದೆಯೇನೇ? ಮತ್ತೆ ಓಡೋರು ಯಾರು?"

"ಯಾರಾದ್ರೂ ಓಡ್ಲಿ. ನನ್ನ ಎಡಗಾಲು ಸರಿ ಇಲ್ಲ. ಬಹಳ ದಿನದಿಂದ ಇಲ್ಲ. ಅವರಿಗೆ ಅದು ಗೊತ್ತು."

ದೊಡ್ಡಕ್ಕ ಬಾಯಿ ತೆರೆದಳು. "ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ! ಭಲೇ ಮಹಾತಾಯಿ. ಊರಿಗೆಲ್ಲ ಸಾರಿ ಆದ್ಮೇಲೆ ಮನೆಯೋರಿಗೆ ಹೇಳ್ತಿದ್ದೀಯ." ಬೈಯುತ್ತಲೇ ಹೋಗಿ ಕಂಬಕ್ಕೆ ಭುಜ ತಾಗಿಸಿ ನಿಂತಳು.

"ಕ್ಯಾಪ್ಟನ್!" ಬೆಂಚಿನಿಂದ ಚಿಕ್ಕಪ್ಪ ಎದ್ದು ನಿಂತಿದ್ದರು. "ಏನ್ ಮಾಡ್ತಿದ್ದೀಯ ಅಲ್ಲಿ? ಕಂಬ ಬಿಡು! ಓಡ್ಬೇಕು ನೀನು!"

ದೊಡ್ಡಕ್ಕ ಅವರನ್ನು ನೋಡಿದಳು, ಕದದ ಮುಖ ನೋಡಿದಳು. ಹೆಲ್ಮೆಟ್ಟಿನ ಸರಳುಗಳ ಹಿಂದೆ ಕಣ್ಣು ತುಂಬಿತ್ತು. ಬಿಡಬೇಡಿ ಎಂಬಂತೆ ಕದ ತಲೆಯಾಡಿಸಿದಳು. ದೊಡ್ಡಕ್ಕ ಕಂಬ ಬಿಡಲಿಲ್ಲ.

ಚೆಂಡು ಬಂತು. ಎಡಗಡೆ, ನೆಲಕ್ಕಂಟಿಕೊಂಡು. ಕದದ ಮೈ ಹಿಂಜರಿದ ಆ ಗಳಿಗೆಯಲ್ಲಿ ಟಪ್ಪೆಂದು ದೊಡ್ಡಕ್ಕನ ಸ್ಟಿಕ್ಕಿಗೆ ಬಡಿದು ಅಂಕಣದಾಚೆ ಹಾರಿತು. ಸ್ವಲ್ಪ ಹೊತ್ತಿಗೆ ಸೀಟಿ ಊದಿದರು.

ನಿದ್ದೆಯವರೂ ಗೊರಕೆಯವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಉರುಳಾಡಿದರು. ಕದ ಗೋಲಿನ ಬಲೆಗೆ ಒರಗಿ ಕೂತಳು. ಚಿಕ್ಕಪ್ಪ ಎಂದಿನಂತೆ ಬಂದು ಮೊಣಕಾಲೂರಿ ಬಕಲಿಗೆ ಕೈ ಹಾಕಿದರು.

"ಒಳ್ಳೆ ಯೋಚನೆ ಮಾಡ್ದೆ," ಅಂದರು, ನೆಲ ನೋಡುತ್ತ.

ಅವಳು ಕಾಲು ಎಳೆದುಕೊಂಡಳು. "ದೊಡ್ಡಕ್ಕ, ಬ್ಯಾಂಡೇಜ್ ಕತ್ತರಿ ಇದೆಯಲ್ಲ, ಕೊಡ್ತೀರಾ?"

"ಗಂಟು ಬಿಚ್ಚೋಕೆ ಸರ್ ಇದ್ದಾರಲ್ಲೇ," ಎನ್ನುತ್ತ ಕತ್ತರಿ ತಂದ ದೊಡ್ಡಕ್ಕ ಅರ್ಧಕ್ಕೇ ನಿಂತಳು. ಅಲ್ಲೇ ಆಚೆ ದಾರದವರ ಕೀಪರ್ ಅಳುತ್ತ ತನ್ನ ಕಾಲಿನ ಕಪ್ಪು ಟ್ಯೂಬನ್ನು ಎಳೆದಾಡುತ್ತಿದ್ದಳು, ಅದು ಬಿಚ್ಚಿಕೊಳ್ಳುತ್ತಿರಲಿಲ್ಲ. ದೊಡ್ಡಕ್ಕ ಆ ಕಾಲು ನೋಡಿದಳು, ಈ ಕಾಲು ನೋಡಿದಳು, ಆಮೇಲೆ ಚಿಕ್ಕಪ್ಪನನ್ನು. ಬಗ್ಗಿ ಟ್ಯೂಬನ್ನು ಕಚಕ್ಕೆಂದು ಕತ್ತರಿಸಿದಳು.

"ಸ್ಕೂಟರ್ ತರ್ತೀನಿ, ಗೇಟಿನ ಹತ್ರ ಬಾ," ಅಂದರು ಚಿಕ್ಕಪ್ಪ. ಅವಳು ಪ್ಯಾಡು ಕಳಚುವುದರಲ್ಲೇ ಇದ್ದಳು. ಅವರು ಎದ್ದು ಹೋದರು.

"ನಾನು ಇವತ್ತು ನಿಮ್ಮನೆಗೆ ಬರ್ಲಾ, ದೊಡ್ಡಕ್ಕ?"

"ಬಾ. ಆದ್ರೆ ನಮ್ಮತ್ತೆ ಗೊರಕೆ ಹೊಡೀತಾರೆ, ಅವರ ಮುಂದೆ ನಮ್ಮ ಟೀಮಿನ ಹಿಂದಿನೋರು ಏನೇನೂ ಅಲ್ಲ." ದೊಡ್ಡಕ್ಕ ಅವಳ ಪಕ್ಕ ಕೂತಳು. "ನಾಳೆ?"

ನಾಳೆ ಮನೆಗೆ ಹೋಗಲೇಬೇಕು. ಒಂದೇ ಮೇಜು. ಅಮ್ಮ ಮೊದಲು ಅವರಿಗೆ ಬಡಿಸುತ್ತಾಳೆ, "ಎಲ್ಲಾ ನಿಮ್ಮಿಂದಲೇ" ಎನ್ನುತ್ತಾಳೆ, ಅವರು ತಲೆ ತಗ್ಗಿಸಿ ಉಣ್ಣುತ್ತಾರೆ. ಗೇಟಿನಾಚೆ ಸ್ಕೂಟರಿನ ಹಾರ್ನ್ ಕೇಳಿಸಿತು. ಅವಳನ್ನು ಕರೆಯಲು ಚಿಕ್ಕಂದಿನಿಂದ ಹೊಡೆಯುತ್ತಿದ್ದ ಎರಡು ಗಿಡ್ಡ ಹಾರ್ನ್. ಅಭ್ಯಾಸಬಲದಿಂದ ಅವಳು ಅರ್ಧ ಎದ್ದಳು. ಮತ್ತೆ ಕೂತಳು.