ಜಯಕರಣ್ಣ ಮುಚ್ಚಿದ ಎರಡು ತೂತು

ನಾನು ಎರಡೇ ಸೀಟಿನ, ತಲೆಯ ಮೇಲಿನ ಮಾಡನ್ನು ಮಡಚಬಹುದಾದ ಕಾರು. ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಕಡು ಹಸಿರು ಬಣ್ಣ ಬಳಿದು, ಕಪ್ಪು ಬಟ್ಟೆಯ ಮಾಡು ಹೊದಿಸಿ ಹೊರಗೆ ನಿಲ್ಲಿಸಿದ ದಿನ ನನಗಿಂತ ಚಂದದವರು ಯಾರೂ ಇಲ್ಲ ಎಂದುಕೊಂಡಿದ್ದೆ. ಸ್ವಲ್ಪ ಜಂಬ ನನಗೆ, ಒಪ್ಪಿಕೊಳ್ಳುತ್ತೇನೆ.

ಜಂಬ ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಮೊದಲ ಮಾಲೀಕರು ಬೆಂಗಳೂರಿನ ಹೋಟೆಲಿನವರು. ಕ್ಲಚ್ಚಿನ ಮೇಲಿಂದ ಕಾಲು ತೆಗೆಯದೆ ಓಡಿಸಿ, ಅದು ಸುಟ್ಟಾಗ "ಗಾಡೀನೇ ಸರಿ ಇಲ್ಲ" ಎಂದರು. ಅವರಿಂದ ನನ್ನನ್ನು ಕೊಂಡ ಮಂಗಳೂರಿನ ಫೋಟೋಗ್ರಾಫರ್ ಮದುಮಕ್ಕಳನ್ನು ಸೀಟಿನ ಮೇಲೆ ನಿಲ್ಲಿಸಿ ಫೋಟೋ ತೆಗೆದ. ಸ್ಪ್ರಿಂಗ್ ಮುರಿಯಿತು. ಅವನೂ ಬೈದದ್ದು ನನ್ನನ್ನೇ. ಕೊನೆಗೆ ಉಡುಪಿಯ ಹಳೆ ಕಾರುಗಳ ಅಂಗಡಿಯೊಂದರ ಹಿಂಬದಿಯಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದೆ.

ಅಲ್ಲಿಗೆ ಬಂದವರು ಮಲ್ಪೆಯ ಸುಗಂಧಿ ಟೀಚರ್. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು.

"ನನಗೆ ಸ್ಕೂಟರಿನ ಗಾಳಿ ಬೇಕು. ಆದರೆ ಮೊಣಗಂಟಿಗೆ ಸ್ಕೂಟರ್ ಆಗುದಿಲ್ಲ," ಎಂದರು ಅಂಗಡಿಯವನಿಗೆ.

"ಹದಿನೈದು ದಿನ ಇಟ್ಟುಕೊಂಡು ನೋಡಿ ಟೀಚರ್. ಬೇಡಾದ್ರೆ ವಾಪಸ್ ತನ್ನಿ. ಇನ್ನು ಇದನ್ನು ಯಾರೂ ತೆಕ್ಕೊಳ್ಳುದಿಲ್ಲ, ಬಿಚ್ಚಿ ಪಾರ್ಟ್ಸ್ ಮಾರುದೇ."

ನನ್ನ ಎದುರೇ ಹೀಗೆ ಹೇಳಿದ, ಪಾಪಿ! ಹದಿನೈದು ದಿನದಲ್ಲಿ ನಾನು ಪಾಸಾಗದಿದ್ದರೆ ನನ್ನ ಕಥೆ ಮುಗಿದಂತೆ.

ನನ್ನನ್ನು ಪರೀಕ್ಷಿಸಿದವರು ಟೀಚರ ತಮ್ಮ ಜಯಕರ ಮೆಂಡನ್. ಮಲ್ಪೆ ಬಂದರಿನಲ್ಲಿ ನಲವತ್ತು ವರ್ಷ ಮೀನುಗಾರಿಕೆಯ ಬೋಟುಗಳನ್ನು, ಎಂಜಿನ್ನಿನಿಂದ ಹಿಡಿದು ತಳದ ತನಕ, ರಿಪೇರಿ ಮಾಡಿದವರು. ಅವರು ಕೈ ಹಾಕಿದ ಬೋಟಿಗೆ ಒಂದು ತೊಟ್ಟು ನೀರು ನುಗ್ಗಿದ್ದಿಲ್ಲ ಎಂಬುದು ಬಂದರಿನ ಮಾತು. ಅದನ್ನು ಅವರೂ ಸಿಕ್ಕಿದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಆಹಾ, ಆ ಕೈ! ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ನನ್ನ ಮೈಮೇಲೆಲ್ಲ ಆಡಿಸಿದರು. ಅದು ಅಂಟದೆ ಜಾರಿದಲ್ಲಿ ಬಣ್ಣದಡಿ ತಗಡಿಲ್ಲ, ಪುಟ್ಟಿ ಮೆತ್ತಿದ್ದಾರೆ ಎಂದು ಗುರುತು ಹಾಕಿದರು. ಎಂಜಿನ್ ಆಯಿಲನ್ನು ಬಿಳಿ ಕಾಗದದ ಮೇಲೆ ತೊಟ್ಟಿಕ್ಕಿಸಿ ಬಿಸಿಲಿಗೆ ಹಿಡಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳಿದರು. ಬ್ರೇಕಿನ ಹಳೆ ಎಣ್ಣೆ ತೆಗೆದು ಹೊಸತು ತುಂಬಿದರು. ಬಿರುಕು ಬಿಟ್ಟ ಎರಡು ಟಯರ್ ಬದಲಾಯಿಸಿದರು. ಮಾಡಿನ ಅಂಚಿನ ರಬ್ಬರ್ ಅಂಟಿಕೊಳ್ಳದಿರಲೆಂದು ಅದಕ್ಕೆ ಅಕ್ಕನ ಮುಖದ ಪೌಡರನ್ನೇ ಸವರುವಾಗ ಟೀಚರ್ "ನನಗೆ ಸ್ವಲ್ಪ ಉಳಿಸು ಮಾರಾಯ" ಎಂದರು.

ಉಳಿದವರೆಲ್ಲ ನನ್ನನ್ನು ಮೇಲಿಂದ ನೋಡಿ ಮೆಚ್ಚಿದವರು. ಅಡಿಯಲ್ಲಿ ಅಂಗಾತ ಮಲಗಿ ನೋಡಿದವರು ಇವರೊಬ್ಬರೇ.

ಹತ್ತನೆಯ ದಿನ ಹಾಗೆ ಮಲಗಿದ್ದಾಗ ಹಿಂದಿನ ಚಕ್ರಗಳ ಪಕ್ಕ ಎರಡು ತೂತುಗಳು ಅವರ ಕಣ್ಣಿಗೆ ಬಿದ್ದವು. "ಓ, ಇಲ್ಲುಂಟು ನೋಡು ಕಳ್ಳ!" ಎಂದು ಬೋಟಿನ ಪುಟ್ಟಿ ತಂದು ಎರಡನ್ನೂ ಗಟ್ಟಿಯಾಗಿ ಮುಚ್ಚಿಬಿಟ್ಟರು. ಬೋಟಿನವರಿಗೆ ತೂತೆಂದರೆ ಶತ್ರು. ಆದರೆ ಅವು ನನ್ನನ್ನು ಮಾಡಿದವರೇ ಇಟ್ಟ ತೂತುಗಳು. ಮಾಡಿನಿಂದ ಇಳಿದ ನೀರು ಸೀಟಿನ ಹಿಂದಿನ ಕಾಲುವೆಗೆ ಬಿದ್ದು, ಕೊಳವೆಯಲ್ಲಿ ಹರಿದು, ಅಲ್ಲಿಂದಲೇ ಹೊರಗೆ ಹೋಗಬೇಕು. ಬೇಡ, ಬೇಡ ಎಂದು ಒಳಗೊಳಗೇ ಕೂಗಿದೆ. ಯಾರಿಗೆ ಕೇಳಬೇಕು?

ಹದಿನಾಲ್ಕನೆಯ ದಿನ ಮಧ್ಯಾಹ್ನ ಮಳೆಗಾಲದ ಮೊದಲ ದೊಡ್ಡ ಮಳೆ. ಅದು ನಿಂತ ಮೇಲೆ ಟೀಚರ್ ಬಾಗಿಲು ತೆಗೆದು ಒಳಗೆ ಕಾಲಿಟ್ಟರು. ಚಪ್ಪಲಿ ಮುಳುಗಿತು.

"ಜಯಾ! ಇದು ಸೋರ್ತದೆ ಮಾರಾಯ. ಬೇಡ, ನಾಳೆ ವಾಪಸ್ ಕೊಟ್ಟು ಬರುವ." ನನ್ನನ್ನು ಓಡಿಸುವಾಗ ಹಾಕಲೆಂದೇ ಕೊಂಡಿದ್ದ ಹೊಸ ಕೂಲಿಂಗ್ ಗ್ಲಾಸನ್ನು ಅವರು ಮೆಲ್ಲಗೆ ಬ್ಯಾಗಿಗೆ ಹಾಕಿದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಜಯಕರಣ್ಣ ಸೀಟು ಸರಿಸಿ, ಕಾಲುವೆಯಲ್ಲಿ ನಿಂತ ನೀರಿಗೆ ಕೈ ಹಾಕಿದರು. ಕೊಳವೆಯೊಳಗೆ ತಂತಿ ತೂರಿದರು. ಅದರ ತುದಿ ಅವರದೇ ಪುಟ್ಟಿಗೆ ತಾಗಿ ನಿಂತಿತು. ಅವರ ಕೈಯೂ ನಿಂತಿತು. ಅವರಿಗೆ ಎಲ್ಲ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು.

ಸುಮ್ಮನಿದ್ದರೆ ಆಗುತ್ತಿತ್ತು. ನನ್ನನ್ನು ಬಿಚ್ಚಿ ಹಾಕುತ್ತಿದ್ದರು, ಅವರ ಹೆಸರು ಉಳಿಯುತ್ತಿತ್ತು. ಅದೂ ಯಾರ ಎದುರು ಒಪ್ಪಿಕೊಳ್ಳಬೇಕು? ಒಂದು ಸೊನ್ನೆ ತಪ್ಪಿದರೂ ಬಿಡದ ಅಕ್ಕನ ಎದುರು. ಸಾಲದ್ದಕ್ಕೆ ಬಂದರಿನ ಗೆಳೆಯರಿಬ್ಬರು ಅಂಗಳದಲ್ಲೇ ನಿಂತಿದ್ದರು.

"ಅಕ್ಕ," ಎಂದರು ಜಯಕರಣ್ಣ, "ಗಾಡಿದ್ದು ತಪ್ಪಲ್ಲ. ನನ್ನದು. ನೀರು ಹೋಗುವ ದಾರಿಯನ್ನೇ ನಾನು ಮುಚ್ಚಿದ್ದು."

ಗೆಳೆಯರಲ್ಲೊಬ್ಬ ಜೋರಾಗಿ ನಕ್ಕ. ಜಯಕರಣ್ಣ ತಿರುಗಿಯೂ ನೋಡದೆ ಕೆಸರಿನಲ್ಲೇ ಅಂಗಾತ ಮಲಗಿ ಪುಟ್ಟಿ ಕೆತ್ತತೊಡಗಿದರು. ನೀರು ಭರ್ರೆಂದು ಅವರ ಮುಖದ ಮೇಲೇ ಸುರಿಯಿತು. ಟೀಚರ್ ಬೈಯಲಿಲ್ಲ. ಎದ್ದು ಬಂದವರ ಮುಖವನ್ನು ಸೆರಗಿನಲ್ಲೇ ಒರೆಸಿ, "ವಾಪಸ್ ಕೊಡ್ಲಿಕ್ಕಿಲ್ಲ. ನಾಳೆ ಕಾಪು ತನಕ ಹೋಗುವ. ನೀನು ಪಕ್ಕದಲ್ಲಿ ಕೂತ್ಕೊ," ಎಂದರು.

ಅದಾಗಿ ಹನ್ನೊಂದು ವರ್ಷ. ಈಗ ಟೀಚರಿಗೆ ಕಣ್ಣು ಮಂಜು. ನಾನೂ ಶೆಡ್ಡಿನಿಂದ ಹೊರಗೆ ಬರುವುದು ಅಪರೂಪ. ಉಪ್ಪುಗಾಳಿ ನನ್ನ ಬಾಗಿಲಿನ ಅಂಚು ತಿಂದಿದೆ. ಆದರೂ ಬೇಸರವಿಲ್ಲ. ನನ್ನನ್ನು ಚಂದ ಎಂದವರು ಬೇಕಾದಷ್ಟು ಮಂದಿ ಇದ್ದರು. ತಪ್ಪು ನನ್ನದಲ್ಲ ಎಂದವರು ಒಬ್ಬರೇ, ಅದನ್ನು ಹೇಳಲು ಅವರು ತಮ್ಮ ನಲವತ್ತು ವರ್ಷದ ಹೆಸರನ್ನೇ ಬಿಟ್ಟುಕೊಟ್ಟರು.