ಅಳುವವಳು ಯಾಕೆ ಕ್ಷಮೆ ಕೇಳಬೇಕು?

ನೊಂದವರಿಗೆ ಬುದ್ಧಿ ಹೇಳುವುದೆಂದರೆ ನಮ್ಮ ಜನಕ್ಕೆ ಹೋಳಿಗೆ ಉಂಡಷ್ಟು ಸಂತೋಷ. ಪುಣೆಯ ಖಡಕಿಯಲ್ಲಿ ಒಂದು ಕನ್ನಡ ಕ್ರೈಸ್ತ ಸಭೆಯ ಹೆಂಗಸರು ಪ್ರತಿ ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಾರೆ. ಹಾಡು ಮುಗಿದ ಮೇಲೆ ಎಲ್ಲರೂ ಸರದಿಯಂತೆ ಎದ್ದು ಸಾಕ್ಷಿ ಹೇಳಬೇಕು. ಅಂದರೆ ಆ ವಾರ ದೇವರು ಮಾಡಿದ ಉಪಕಾರವೊಂದನ್ನು ನೆನೆಯಬೇಕು. ಒಬ್ಬರಿಗೆ ಮಗನ ನೌಕರಿ, ಇನ್ನೊಬ್ಬರಿಗೆ ಮೊಣಕಾಲು ನೋವು ಕಡಿಮೆಯಾದದ್ದು. ಆ ದಿನ ಗೌರಾಬಾಯಿಯ ಸೊಸೆ ನೀತಾಳ ಸರದಿ ಬಂತು. ಅವಳ ಚೊಚ್ಚಲ ಹೆಣ್ಣುಕೂಸು ಹುಟ್ಟಿದ ಮೂರೇ ದಿನಕ್ಕೆ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ.

"ನನ್ನ ಕಡೆ ಸಾಕ್ಷಿ ಇಲ್ಲರಿ," ಎಂದಳು ನೀತಾ. "ಕೂಸಿನ್ನ ಉಳಸು ಅಂತ ಬೇಡಿಕೊಂಡೆ. ದೇವರು ಕೇಳಲಿಲ್ಲ. ಅಂವಾ ಅದಾನೋ ಇಲ್ಲೋ ನನಗ ತಿಳೀವಲ್ದು."

ಸಂಘದ ಅಧ್ಯಕ್ಷೆ ರಂಜನಾಬಾಯಿ ಗೌರಾಬಾಯಿಯ ಕಡೆ ತಿರುಗಿದರು.

"ನಿಮ್ಮ ಸೊಸಿಗೆ ಸಂಶಯದ ದೆವ್ವ ಹೊಕ್ಕದರಿ. ಮುಂದಿನ ಶುಕ್ರವಾರ ಎಲ್ಲಾರ ಮುಂದ ಕ್ಷಮಾ ಕೇಳ್ಲಿ. ಅಲ್ಲೀತನಕಾ ನಿಮ್ಮ ಮನ್ಯಾಗ ಪ್ರಾರ್ಥನಾ ಬ್ಯಾಡ."

ಗೌರಾಬಾಯಿಗೆ ಮೈಯೆಲ್ಲಾ ಉರಿಯಿತು. ಆದರೆ ಆ ಸಿಟ್ಟು ರಂಜನಾಬಾಯಿಯ ಮೇಲಲ್ಲ, ಸೊಸೆಯ ಮೇಲೆ. ಇಷ್ಟು ವರ್ಷ ಸಭೆಯಲ್ಲಿ ತಲೆ ಎತ್ತಿ ತಿರುಗಿದ ಮಾನ ಮೂರಾಬಟ್ಟೆಯಾಯಿತು ಎಂದು ಅವಳಿಗೆ ಅನ್ನಿಸಿತು. ಮನೆಗೆ ಬಂದವಳೇ ಕೂಗಾಡಿದಳು.

"ನಾಲಿಗಿ ಹಿಡದು ಮಾತಾಡ್ಲಿಕ್ಕೆ ಬರೂದಿಲ್ಲೇನು? ಲೋಕದಾಗ ನಿನ್ನ ಕೂಸೊಂದ ಹೋಗ್ಯದೇನು? ಶುಕ್ರವಾರ ಎದ್ದು ನಿಂತು ಸುಮ್ಮನ ತಪ್ಪಾತು ಅನ್ನು!"

"ಹೂಂ ಅತ್ತಿ," ಎಂದಳು ನೀತಾ. ಶಿವಾಜಿನಗರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಅವಳ ಗಂಡ ಅಮರ, ಮೊಬೈಲಿನಿಂದ ತಲೆ ಎತ್ತಲಿಲ್ಲ. ಅಂದಿನಿಂದ ನೀತಾ ಊಟ ಬಿಟ್ಟಳು. ಗೋಡೆಗೆ ಮುಖ ಮಾಡಿ ಮಲಗಿದರೆ ಏಳುತ್ತಿರಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ನೆರೆಯವರು ರೊಟ್ಟಿ ಪಲ್ಯ ತಂದುಕೊಡುವುದು ನಮ್ಮ ಕಡೆಯ ಪದ್ಧತಿ. ಈ ಮನೆಗೆ ಯಾರೂ ತರಲಿಲ್ಲ. ಮೂರು ದಿನದ ಕೂಸು, ದೀಕ್ಷಾಸ್ನಾನವಾಗಿರಲಿಲ್ಲ, ಮೇಲಾಗಿ ಹೆಣ್ಣು. ಅದು ಸಾವಿನ ಲೆಕ್ಕಕ್ಕೇ ಇಲ್ಲವಂತೆ! ಇಂಥವರೇ ಭಾನುವಾರ ಕರುಣೆಯ ಹಾಡು ಹಾಡುತ್ತಾರೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ನೀತಾ ಊಟ ಬಿಟ್ಟದ್ದು ಕೇಳಿ, ಶುಕ್ರವಾರ ಬೆಳಿಗ್ಗೆ ಅದೇ ಓಣಿಯ ಕೇತಕಿ ಬಂದಳು. ಮಹಾಪಾಲಿಕೆಯ ದವಾಖಾನೆಯಲ್ಲಿ ನರ್ಸ್ ಆಗಿರುವ ಅಕ್ಕಲಕೋಟೆಯ ಹುಡುಗಿ. ಹೊರಗೆ ಮರಾಠಿ, ಮನೆಮಾತು ಕನ್ನಡ. ಡಬ್ಬಿಯಲ್ಲಿ ಝುಣಕಾ ಭಾಕ್ರಿ, ಅಂದರೆ ಕಡಲೆಹಿಟ್ಟಿನ ಪಲ್ಯ ಮತ್ತು ಜೋಳದ ರೊಟ್ಟಿ, ತಂದಿದ್ದಳು. ನೀತಾಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅವಳ ಬೆನ್ನು ಸವರಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಕೂಸಿನ ಮಾರಿ ಹೆಂಗಿತ್ತು?"

ನೀತಾ ಈ ಕಡೆ ಹೊರಳಿದಳು. "ಅವರಪ್ಪನ ಹಂಗ ಹಣಿ ಅಗಲ ಇತ್ತರಿ. ನನ್ನ ಬಟ್ಟು ಗಟ್ಟಿ ಹಿಡಕೊಂಡಿತ್ತು."

ಅಡುಗೆಮನೆಯಲ್ಲಿದ್ದ ಗೌರಾಬಾಯಿಯ ಕೈ ನಿಂತುಹೋಯಿತು. ತನ್ನ ಮೊಮ್ಮಗಳು ಹೇಗಿದ್ದಳೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

"ಬದುಕೂದು ಬ್ಯಾಡ ಅನಸ್ತದೇನು ನೀತಾ?" ಕೇತಕಿ ನೇರವಾಗಿ ಕೇಳಿದಳು.

"ಅನಸ್ತದರಿ. ದಿನಾ ಅನಸ್ತದ."

ಅಮರನನ್ನು ಹೆಂಡತಿಯ ಬಳಿ ಕೂರಿಸಿ ಕೇತಕಿ ಅತ್ತೆಯನ್ನು ಹೊರಗೆ ಕರೆದಳು.

"ಕಾಕೂ, ಇದು ದೆವ್ವಲ್ಲ, ಪಾಪಲ್ಲ. ಬಾಣಂತನದಾಗ ಮನಸ್ಸಿಗೂ ಜಡ್ಡು ಬರ್ತದ. ಕೂಸು ಕಳಕೊಂಡಾಕಿನ್ನ ಭಾಳ ಜ್ವಾಕಿ ಮಾಡಬೇಕು. ಇದಕ್ಕ ಔಷಧ ಅದ. ಇವತ್ತ ಡಾಕ್ಟರ ಕಡೆ ಹೋಗೂಣು."

"ಹುಚ್ಚಿನ ಡಾಕ್ಟರ ಕಡೆ ಹೋದ್ರ ಜನಾ ಏನಂತಾರವ್ವಾ? ಪ್ರಾರ್ಥನಾ ಮಾಡಿದ್ರ ಸಾಲೂದಿಲ್ಲೇನು?"

ಕೇತಕಿಗೂ ಸಿಟ್ಟು ಬಂತು. "ಪ್ರಾರ್ಥನಾ ಮಾಡ್ರಿ, ಯಾರು ಬ್ಯಾಡಂದ್ರು? ಕಾಲು ಮುರದ್ರ ಬರೇ ಪ್ರಾರ್ಥನಾ ಮಾಡಿ ಮನ್ಯಾಗ ಕುಂಡ್ರತೀರೇನು? ಜನಾ ಅನ್ನೂದು ಇರ್ಲಿ. ನಾಳಿಗೆ ಈ ಹುಡುಗಿ ಇರಬೇಕೋ ಬ್ಯಾಡೋ ಹೇಳ್ರಿ!"

ಗೌರಾಬಾಯಿ ಒಳಗೆ ಹೋಗಿ ಸೊಸೆಯ ತಲೆ ಬಾಚಿದಳು. ಭಾಕ್ರಿ ಮುರಿದು ಎರಡು ತುತ್ತು ತಿನ್ನಿಸಿದಳು. ತಪ್ಪು ತನ್ನದೆಂದು ಹೇಳಿ ಅತ್ತಳು. ಕೇತಕಿಯ ಜೊತೆ ಅಮರ ಹೆಂಡತಿಯನ್ನು ದವಾಖಾನೆಗೆ ಕರೆದುಕೊಂಡು ಹೋದ. ಸಂಜೆ ಗೌರಾಬಾಯಿ ಒಬ್ಬಳೇ ಪ್ರಾರ್ಥನೆಗೆ ಬಂದಳು.

"ನೀತಾ ಎಲ್ಲಿರಿ?" ರಂಜನಾಬಾಯಿ ಹುಬ್ಬು ಏರಿಸಿದರು.

"ದವಾಖಾನಿಗೆ ಹೋಗ್ಯಾಳ. ಆಕಿ ಕ್ಷಮಾ ಕೇಳೂದಿಲ್ಲ. ನಾನ ಆಕೀನ ಕ್ಷಮಾ ಕೇಳಿ ಬಂದೀನಿ." ಗೌರಾಬಾಯಿ ದನಿ ತಗ್ಗಿಸಲಿಲ್ಲ. "ಸಂಶಯಪಟ್ಟ ಶಿಷ್ಯಗ ಯೇಸುಸ್ವಾಮಿ ಏನ್ ಮಾಡಿದಾರಿ? ಹೊರಗ ಹಾಕಿದನೇನು? ಬಾ, ನನ್ನ ಗಾಯಾ ಮುಟ್ಟಿ ನೋಡು ಅಂದಾ. ಗೆಳೆಯಾ ಸತ್ತಾಗ ಅಂವಾನೂ ಅತ್ತಾ. ಅಂವಗೂ ಎಲ್ಲಾರ ಮುಂದ ಕ್ಷಮಾ ಕೇಳಸ್ತಿದ್ರೇನು ನೀವು? ನಮ್ಮ ಮನಿಗೆ ರೊಟ್ಟಿ ತಂದಾಕಿ ಜೇಜುರಿ ಗುಡ್ಯಾಗ ಖಂಡೋಬಾ ದೇವರಿಗೆ ಕೈ ಮುಗಿಯೂ ಹುಡುಗಿ. ಕ್ರಿಸ್ತನ ಹೆಸರು ಹೇಳೂ ನಾವು ಬರೇ ಉಪದೇಶ ತಂದ್ವಿ. ಥೂ ನಮ್ಮ ಜನ್ಮಕ್ಕ!"

ಎಲ್ಲರ ಮನಸ್ಸೂ ಕರಗಿತೆಂದು ಸುಳ್ಳು ಹೇಳುವುದಿಲ್ಲ. ರಂಜನಾಬಾಯಿ ಮುಖ ಗಂಟಿಕ್ಕಿಕೊಂಡೇ ಪ್ರಾರ್ಥನೆ ಮುಗಿಸಿದರು. ಮರುದಿನ ಮಾತ್ರ ಇಬ್ಬರು ಹೆಂಗಸರು ಬಂದು, ಉಪದೇಶದ ಮಾತೆತ್ತದೆ ಪಾತ್ರೆ ತೊಳೆದು, ನೀತಾಳ ಬಳಿ ಕುಳಿತು ಹೋದರು.

ನೀತಾ ಈಗ ಔಷಧ ತೆಗೆದುಕೊಳ್ಳುತ್ತಾಳೆ, ಸ್ವಲ್ಪ ಸ್ವಲ್ಪ ಉಣ್ಣುತ್ತಾಳೆ. "ನನ್ನ ಸಂಶಯ ಹೋಗಿಲ್ಲತ್ತಿ," ಎಂದು ಒಂದು ದಿನ ಹೆದರುತ್ತಲೇ ಹೇಳಿದಳು.

"ಸಂಶಯ ಇದ್ರ ಇರ್ಲಿ," ಎಂದಳು ಗೌರಾಬಾಯಿ. "ನೀ ಇರು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಭೆಯಲ್ಲಿ, ನಿಮ್ಮ ಓಣಿಯಲ್ಲಿ ಇಂಥವರು ಇದ್ದೇ ಇದ್ದಾರೆ. ಅವರ ನಂಬಿಕೆಯನ್ನು ತೂಗಿ ನೋಡಲು ನಿಮ್ಮನ್ನು ಯಾರೂ ಕರೆದಿಲ್ಲ. ಪಕ್ಕದಲ್ಲಿ ಕುಳಿತುಕೊಳ್ಳಿ, ಕಳೆದುಕೊಂಡವರ ಬಗ್ಗೆ ಕೇಳಿ. ಬದುಕು ಬೇಡ ಎಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಡಾಕ್ಟರ ಬಳಿ ಕರೆದೊಯ್ಯಿರಿ. ಏನು ಮಾಡಬೇಕೆಂದು ತಿಳಿಯದಿದ್ದರೆ 14416ಕ್ಕೆ ಫೋನು ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೇಕಿಲ್ಲ, ಹಗಲೂ ರಾತ್ರಿಯೂ ಇರುತ್ತದೆ. ಪ್ರಾರ್ಥನೆಯನ್ನೂ ಮಾಡಿ. ಆದರೆ ಮೊದಲು ಎದ್ದು ಅವರ ಮನೆಗೆ ಹೋಗಿ.